ಎಲ್ ಶೇಪಾ, ಪ್ಯಾರಲಲ್ಲಾ? ಅದಕ್ಕೂ ಮೊದಲು ಅತ್ತೆಯ ಮೊಣಕೈ ಅಳೆಯಿರಿ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನ ನಾಗರಬಾವಿಯಲ್ಲಿ 30×40 ಸೈಟಲ್ಲಿ ಮನೆ ಏಳುತ್ತಿದೆ. ಅಡುಗೆಮನೆ 8×10 ಅಡಿ, ಒಂದು ತುದಿಗೆ ಊಟದ ಹಾಲಿನ ಬಾಗಿಲು, ಎದುರು ತುದಿಗೆ ಯುಟಿಲಿಟಿ (ಪಾತ್ರೆ, ಬಟ್ಟೆ ತೊಳೆಯೋ ಜಾಗ) ಬಾಗಿಲು. ಐದು ಜನ, ಅಡುಗೆ ನೀವೂ ನಿಮ್ಮತ್ತೆಯೂ ಸೇರಿ ಮಾಡುತ್ತೀರಿ. ಕಟ್ಟೆ ಮೂಲೆಯಲ್ಲಿ ತಿರುಗಿ ಎರಡು ಗೋಡೆಗೆ ಹೋಗುವ ಎಲ್ ಶೇಪ್ ಒಳ್ಳೇದಾ, ಎದುರುಬದುರು ಗೋಡೆಗೆ ಹೋಗುವ ಪ್ಯಾರಲಲ್ಲಾ? ರೆಡಿ ಬಾಕ್ಸು, ಡ್ರಾಯರು ತಂದು ಜೋಡಿಸುವ ಮಾಡ್ಯುಲರ್‌ಗೆ ದುಡ್ಡು ಹಾಕಬಹುದಾ?

ಶೇಪ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೇಳಿ, ನಿಮ್ಮ ಮನೆಯಲ್ಲಿ ಮುದ್ದೆ ಮಾಡುತ್ತೀರಾ?

ತಮಾಷೆಗೆ ಕೇಳಿದ್ದಲ್ಲ. ವಿಜಯನಗರದ ನಮ್ಮ ಮನೆಯ ಅಡುಗೆಮನೆಯನ್ನು ಆರು ವರ್ಷದ ಹಿಂದೆ ಒಡೆಸಿ ಹೊಸದು ಮಾಡಿಸಿದೆವು. ಕೆಲಸ ಹಿಡಿದವರು ಗೋಡೆ ಅಳೆದರು, ಕಿಟಕಿ ಅಳೆದರು, ಕಂಪ್ಯೂಟರಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿದರು. ಅಡುಗೆ ಮಾಡುವವರನ್ನು ಮಾತ್ರ ಯಾರೂ ಅಳೆಯಲಿಲ್ಲ. ಕಟ್ಟೆ 34 ಇಂಚಿಗೆ ಬಂತು. ಸಾಮಾನ್ಯವಾಗಿ ಹಾಕೋದೇ ಅಷ್ಟು. ನಾನು ಐದಡಿ ಮೂರಿಂಚು, ನನಗೆ ಹೇಳಿ ಮಾಡಿಸಿದ ಹಾಗಿತ್ತು. ನಮ್ಮತ್ತೆ ಮಂಡ್ಯದ ಕಡೆಯವರು, ನಾಲ್ಕಡಿ ಹತ್ತಿಂಚು. 34ರ ಮೇಲೆ ನಾಲ್ಕಿಂಚಿನ ಸ್ಟವ್, ಅದರ ಮೇಲೆ ಮುದ್ದೆ ಪಾತ್ರೆ. ಪಾತ್ರೆಯ ಬಾಯಿ ಹೆಚ್ಚುಕಮ್ಮಿ ಅವರ ಭುಜಕ್ಕೆ ಬಂತು. ಮುದ್ದೆ ತಿರುವೋದು ಸಾರಿಗೆ ಸೌಟಾಡಿಸಿದ ಹಾಗಲ್ಲ, ಮೈಭಾರ ಬಿಟ್ಟು ಕೋಲು ಒತ್ತಬೇಕು. ಭುಜದ ಮಟ್ಟದಲ್ಲಿ ಹೇಗೆ ಒತ್ತುತ್ತಾರೆ?

ಮೊದಲ ದಿನ ಅತ್ತೆ ಸುಮ್ನೆ ಒಂದು ಸಲ ನೋಡಿದರು. ಒಲೆ ಆರಿಸಿದರು. ಪಾತ್ರೆಯನ್ನು ಹೊಸ ಟೈಲ್ಸ್ ನೆಲಕ್ಕೆ ಇಳಿಸಿ, ಕೆಳಗೊಂದು ಗೋಣಿತಾಟು ಹಾಕಿ, ಪಾತ್ರೆ ಅಲುಗದ ಹಾಗೆ ಕವೆಗೋಲು ಕೊಟ್ಟು ಕಾಲಲ್ಲಿ ಮೆಟ್ಟಿ ತಿರುವಿದರು. "ಇಷ್ಟು ದುಡ್ಡು ಹಾಕಿದ್ದು ನೆಲದ ಮೇಲೆ ಮುದ್ದೆ ಮಾಡೋಕಾ ಅಮ್ಮಾ?" ಅಂದರು ನನ್ನ ಗಂಡ. "ನನ್ನೇನ್ ಕೇಳ್ಬುಟ್ ಕಟ್ಸಿದ್ಯಾ ಮಗಾ?" ಅಂದರು ಅತ್ತೆ. ಉತ್ತರ ಇರಲಿಲ್ಲ.

ಹಾಗಾಗಿ ನೀವಿಬ್ಬರೂ ನೆಟ್ಟಗೆ ನಿಂತು, ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಿಂದ ನಾಲ್ಕರಿಂದ ಆರು ಇಂಚು ಕಳೆದರೆ ತರಕಾರಿ ಹೆಚ್ಚೋಕೆ ಸರಿಯಾದ ಎತ್ತರ. ನನ್ನ ಲೆಕ್ಕ 34 ಬರುತ್ತೆ, ಅತ್ತೆಯದು 31, 32. ಇಬ್ಬರ ನಡುವೆ ಜಾಸ್ತಿ ವ್ಯತ್ಯಾಸ ಇದ್ದರೆ ಇಡೀ ಕಟ್ಟೆಯನ್ನು ಒಂದೇ ಮಟ್ಟಕ್ಕೆ ಕಟ್ಟಿಸಲೇಬೇಕು ಅಂತೇನಿಲ್ಲ. ನಾವು ಒಂದು ವರ್ಷ ಒದ್ದಾಡಿ, ಕೊನೆಗೆ ಒಲೆಯ ಪಕ್ಕದ ಒಂದು ಬಾಕ್ಸ್ ಕೀಳಿಸಿ, ಗ್ರಾನೈಟ್ ಕತ್ತರಿಸಿ, ಅಲ್ಲಿ ಎರಡಡಿ ಎತ್ತರಕ್ಕೆ ಕಡಪ ಕಲ್ಲು ಹಾಕಿಸಿದೆವು. ಅಗಲ ಮೂರಡಿ. ಹಿಟ್ಟು ಒಲೆ ಮೇಲೆ ಬೇಯುತ್ತೆ, ತಿರುವೋದು ಈ ಕಲ್ಲಿನ ಮೇಲೆ. ವೆಟ್ ಗ್ರೈಂಡರ್ ಕೂಡ ಇಲ್ಲೇ ಕೂತಿದೆ. ಹತ್ತು ಹನ್ನೆರಡು ಕೆಜಿ ಭಾರದ್ದನ್ನು ವಾರಕ್ಕೆರಡು ಸಲ ಕೆಳಗಿನ ಶೆಲ್ಫಿಂದ ಎತ್ತಿಡಿ ಅಂದರೆ ಯಾರೂ ಎತ್ತಲ್ಲ, ಪ್ಯಾಕೆಟ್ ಹಿಟ್ಟು ತರುತ್ತಾರೆ. ನಾವೂ ಅಷ್ಟು ದಿನ ಅದನ್ನೇ ಮಾಡಿದ್ದು.

ಈಗಿರುವ ಮನೆಯಲ್ಲಿ ಒಂದು ವಾರ ನೋಡುತ್ತಾ ಹೋಗಿ, ಕಟ್ಟೆ ಮೇಲೆ ಬಂದ ಸಾಮಾನು ವಾಪಸ್ ಒಳಗೆ ಹೋಗದೆ ಯಾವುದು ಅಲ್ಲೇ ಉಳಿಯುತ್ತೆ ಅಂತ. ಅವಕ್ಕೆ ಕಟ್ಟೆ ಮೇಲೇ ಜಾಗ ಕೊಡಿ, ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಕೊಡಿ. ಮಿಕ್ಸಿ, ಗ್ರೈಂಡರ್‌ಗೆ 6 ಆಂಪ್ ಸಾಕು. ಓವನ್ನು, ಮುಂದೆಂದೋ ತರುವ ಡಿಶ್‌ವಾಶರ್‌ಗೆ 16 ಆಂಪ್ ಈಗಲೇ ಎಳೆಸಿ. ಟೈಲ್ಸ್ ಆದಮೇಲೆ ಗೋಡೆ ಕೊರೆಸೋ ಸಂಕಟ ಬೇಡ. ಇನ್ನೊಂದು, 26 ಕೆಜಿ ಅಕ್ಕಿ ಮೂಟೆ ಹಿಡಿಯುವ ಮಾಡ್ಯುಲರ್ ಬುಟ್ಟಿಯನ್ನು ನಾನಂತೂ ನೋಡಿಲ್ಲ. ಕಟ್ಟೆ ಕೆಳಗೆ ಒಂದು ಕಡೆ ಏನೂ ಮಾಡಿಸದೆ ಖಾಲಿ ಬಿಡಿ, ಚಕ್ರದ ಸ್ಟ್ಯಾಂಡ್ ಮೇಲೆ ಸ್ಟೀಲ್ ಡ್ರಮ್ ಕೂರುತ್ತೆ.

ಮಾಡ್ಯುಲರ್ ಬೇಡ ಅನ್ನಲ್ಲ. ಪಾತ್ರೆ ಇಡೋಕೆ ಎಳೆಯುವ ಡ್ರಾಯರ್ ತುಂಬಾ ಅನುಕೂಲ, ಬಗ್ಗಿ ಹಿಂದೆ ಕೈ ಹಾಕಬೇಕಿಲ್ಲ. ಆದರೆ ಸಿಂಕ್ ಕೆಳಗೆ ಮರ ಹಾಕಿಸಬೇಡಿ. ನಮ್ಮಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಾಗಿಲು ಹಾಕಿದ್ದರು, ಎರಡೇ ವರ್ಷಕ್ಕೆ ಕರಿದ ಹಪ್ಪಳದ ಹಾಗೆ ಉಬ್ಬಿತು. ಹಾಕಲೇಬೇಕು ಅಂದರೆ ಐಎಸ್ 710 ಅಂತ ಮುದ್ರೆ ಇರುವ, ನೀರಿಗೆ ತಡೆಯುವ ಮೆರೈನ್ ಪ್ಲೈವುಡ್ಡೇ ಬೇಕು ಅನ್ನಿ. ಲ್ಯಾಮಿನೇಟ್ ಅಂಟಿಸೋ ಮುಂಚೆ ಹೋಗಿ ಮುದ್ರೆ ಕಣ್ಣಾರೆ ನೋಡಿ. ಅಂಟಿಸಿದ ಮೇಲೆ ಎಲ್ಲ ಒಂದೇ ಥರ ಕಾಣುತ್ತೆ. ನಾವೀಗ ಸಿಂಕ್ ಕೆಳಗೆ ಬರೀ ಹಸಿ ಕಸದ ಹಸಿರು ಬುಟ್ಟಿ, ಒಣ ಕಸದ ಚೀಲ ಇಟ್ಟಿದ್ದೇವೆ. ಹೇಗೂ ಬೇರೆ ಮಾಡಿಯೇ ಕೊಡಬೇಕಲ್ಲ.

ನೀರಿಗೆ ಸಿಂಕಲ್ಲಿ ಎರಡು ನಲ್ಲಿ ಮಾಡಿಸಿ, ಕಾವೇರಿಗೊಂದು, ಬೋರ್‌ವೆಲ್‌ಗೊಂದು. ಬೋರ್ ನೀರು ಗಡಸು ಅಂತ ಆರ್‌ಒ ಹಾಕಿದರೆ ಅದು ಚೆಲ್ಲುವ ನೀರೂ ತುಂಬಾ. ಆ ಪೈಪನ್ನು ಸಿಂಕಿಗೆ ಬಿಡದೆ ಗೋಡೆ ದಾಟಿಸಿ ಯುಟಿಲಿಟಿಯ ಬಕೆಟ್ಟಿಗೆ ಬಿಡಿ, ನೆಲ ಒರೆಸೋಕೆ ಆಗುತ್ತೆ. 2024ರ ಬೇಸಿಗೆಯ ನೀರಿನ ಪರದಾಟ ನೆನಪಿದೆ ಅಲ್ವಾ? ಗ್ಯಾಸ್ ಸಿಲಿಂಡರ್ ಕೂಡ ಆಚೆಗೇ ಇರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತೆ. ಮುಚ್ಚಿದ ಬಾಕ್ಸಿನೊಳಗೆ ಇಡೋದು ನನಗಂತೂ ಭಯ.

ಚಿಮ್ನಿ ಹಾಕಿಸೋದಾದರೆ ಒಲೆ ಹೊರಗೋಡೆಗಿರಲಿ. ಪೈಪು ಉದ್ದವಾದಷ್ಟೂ, ತಿರುವು ಜಾಸ್ತಿ ಆದಷ್ಟೂ ಎಳೆತ ಕಮ್ಮಿ. ಪೈಪೇ ಇಲ್ಲದ ಚಿಮ್ನಿ ಜಿಡ್ಡು ಹಿಡಿಯುತ್ತೆ ಅಷ್ಟೆ, ಒಣಮೆಣಸಿನಕಾಯಿ ಒಗ್ಗರಣೆಯ ಬಿಸಿ ಗಾಳಿಯನ್ನು ವಾಪಸ್ ನಿಮ್ಮ ಕಡೆಗೇ ಬಿಡುತ್ತೆ. ವಾಸ್ತು ನಿಮಗೆ ನಾನು ಹೇಳಬೇಕಾಗಿಲ್ಲ, ಆಗ್ನೇಯ, ಪೂರ್ವ ಅಂತ ಮನೆಯಲ್ಲಿ ಯಾರಾದರೂ ಆಗಲೇ ಹೇಳಿರುತ್ತಾರೆ. ನಮ್ಮ ಮಾವನವರು ಇಡೀ ಕೆಲಸದಲ್ಲಿ ಅದೊಂದೇ ಕೇಳಿದ್ದು.

ಈಗ ಶೇಪ್. ನಿಮ್ಮ ಬಾಗಿಲುಗಳು ಎದುರುಬದುರು ಇರೋದರಿಂದ ಪ್ಯಾರಲಲ್ಲೇ ಸರಿ. ಎಂಟಡಿ ಅಗಲದಲ್ಲಿ ಎರಡೂ ಕಡೆ ಎರಡೆರಡು ಅಡಿ ಕಟ್ಟೆ ಹೋದರೆ ನಡುವೆ ನಾಲ್ಕಡಿ ಉಳಿಯುತ್ತೆ. ಒಬ್ಬರು ಒಲೆ ಮುಂದೆ, ಒಬ್ಬರು ಸಿಂಕ್ ಮುಂದೆ, ಬೆನ್ನಿಗೆ ಬೆನ್ನು ತಾಗದೆ ನಿಲ್ಲಬಹುದು. ಎಲ್ ಆದರೆ ಮೂಲೆ ಬಾಕ್ಸಿನ ಹಿಂಬದಿ ದಂಡ. ಅಲ್ಲಿಗೆ ಹೋದ ಪಾತ್ರೆ ದೀಪಾವಳಿಗೋ ಯುಗಾದಿಗೋ ಕ್ಲೀನ್ ಮಾಡುವಾಗ ಸಿಗುತ್ತೆ.

ಗ್ರಾನೈಟ್ ಕೂರಿಸೋ ಮುಂಚೆ ಇಟ್ಟಿಗೆ ಪೇರಿಸಿ, ಮೇಲೊಂದು ಹಲಗೆ ಇಟ್ಟು, ಅತ್ತೆಯವರನ್ನು ಸೈಟಿಗೆ ಕರೆದುಕೊಂಡು ಹೋಗಿ. ಖಾಲಿ ಪಾತ್ರೆ, ಕೋಲು ಕೈಗೆ ಕೊಟ್ಟು ತಿರುವೋಕೆ ಹೇಳಿ. ಮೇಸ್ತ್ರಿ ನಗ್ತಾನೆ, ನಗಲಿ ಬಿಡಿ.