ಬಾಯಿಮಾತಿನ ಮೇಲೆ ಬೇಕರಿ ಕೊಳ್ಳಬಹುದೇ?

ಪರಿಚಯದವರ ಬೇಕರಿಯನ್ನು 8 ಲಕ್ಷಕ್ಕೆ ಮಾತನಾಡಿದ್ದೀರಿ. 1 ಲಕ್ಷ ನಗದು ಮುಂಗಡ ಕೊಟ್ಟಾಗಿದೆ. ‘ನಮ್ಮೊಳಗೆ ಕಾಗದ ಪತ್ರ ಏಕೆ’ ಎನ್ನುತ್ತಿದ್ದಾರೆ, ಮುಂದುವರಿಯಲೇ ಎಂದು ಕೇಳಿದ್ದೀರಿ. ಕರಾರು ಪತ್ರಕ್ಕೆ ಸಹಿ ಬೀಳುವವರೆಗೆ ದಯವಿಟ್ಟು ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ.

1872ರ ಭಾರತೀಯ ಕರಾರು ಕಾಯ್ದೆಯಂತೆ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ಏನು ಮಾತಾಗಿತ್ತು ಎಂದು ಸಾಬೀತುಪಡಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಅಂಗಡಿಯೊಳಗೆ ಕಾಣುವುದೆಲ್ಲ ಮಾರುವವರ ಸ್ವತ್ತಾಗಿರುವುದಿಲ್ಲ.

ನಾನು 2015ರಲ್ಲಿ ಬೆಂಗಳೂರಿನಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿಯನ್ನು ಹೀಗೆಯೇ ಕೊಂಡೆ. ಮಾರಿದವರು ನಮ್ಮೂರಿನವರೇ. ಮೂರನೆಯ ವಾರ ಐಸ್‌ಕ್ರೀಮ್ ಕಂಪನಿಯವರು ಗಾಡಿ ತಂದು ಫ್ರೀಜರ್ ಹೊತ್ತುಕೊಂಡು ಹೋದರು. ಅದು ಕಂಪನಿಯದಂತೆ, ಹಳಬರು ಠೇವಣಿ ಕಟ್ಟಿ ಇಟ್ಟುಕೊಂಡಿದ್ದರಂತೆ. ನನಗೆ ಬೆಲೆ ಹೇಳುವಾಗ ಅದನ್ನೂ ಎಣಿಸಿದ್ದರು. ತಿಂಗಳಾದ ಮೇಲೆ ಬಾಡಿಗೆ ಕೊಡಲು ಹೋದರೆ ಕಟ್ಟಡದ ಮಾಲೀಕರು ರಸೀದಿಯನ್ನು ಹಳಬರ ಹೆಸರಿಗೇ ಬರೆದರು. ಅಡ್ವಾನ್ಸ್ ಅವರ ಹೆಸರಿನಲ್ಲಿತ್ತು. ಬೇರೆಯವರಿಗೆ ಒಳಬಾಡಿಗೆಗೆ ಕೊಡುವಂತಿಲ್ಲ ಎಂದು ಅವರ ಬಾಡಿಗೆ ಕರಾರಿನಲ್ಲೇ ಇತ್ತು. ಅಷ್ಟು ಹಣ ಸುರಿದ ನಾನು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ನನಗೆ ಇವತ್ತಿಗೂ ನೋವಾಗುವುದು ಅದರ ನಂತರದ್ದು. ಆರು ತಿಂಗಳಿಗೆ ಅಂಗಡಿ ಮಾರಿದವರು ಅದೇ ರಸ್ತೆಯ ತುದಿಯಲ್ಲಿ, ಅದೇ ಹೆಸರಿಟ್ಟು ಹೊಸ ಅಂಗಡಿ ತೆರೆದರು. ಗಿರಾಕಿಗಳು ಅವರ ಹಿಂದೆ ಹೋದರು. ಒಬ್ಬರ ವ್ಯಾಪಾರಕ್ಕೆ ತಡೆಯೊಡ್ಡುವ ಕರಾರುಗಳು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸಿಂಧುವಲ್ಲ. ಆದರೆ ಗುಡ್‌ವಿಲ್, ಅಂದರೆ ಅಂಗಡಿ ಗಳಿಸಿದ ಹೆಸರು ಮತ್ತು ಗಿರಾಕಿಗಳ ನಂಬಿಕೆ, ಮಾರಿದವರು, ನ್ಯಾಯವೆನಿಸುವಷ್ಟು ಸ್ಥಳದ ಮಿತಿಯೊಳಗೆ ಅದೇ ವ್ಯಾಪಾರ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳಬಹುದು. ಹಾಗೆ ಎಲ್ಲಿ ಬರೆದುಕೊಟ್ಟಿದ್ದಾರೆ ಎಂದು ವಕೀಲರು ಕೇಳಿದಾಗ ತೋರಿಸಲು ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ. ನಿಮ್ಮ ಕರಾರಿನಲ್ಲಿ ಈ ಮಾತು, ಬೇಕರಿಯ ಹೆಸರು ಯಾರದು ಎಂಬ ಮಾತು, ಓವನ್‌ನಿಂದ ತಟ್ಟೆಯವರೆಗಿನ ಸಾಮಾನಿನ ಪಟ್ಟಿ ಬರಲೇಬೇಕು.

ತೆರಿಗೆಯನ್ನು ಮರೆಯಬೇಡಿ. ವ್ಯಾಪಾರ ಕೈ ಬದಲಾದರೆ, ಅಲ್ಲಿಯವರೆಗಿನ ಜಿಎಸ್‌ಟಿ ಬಾಕಿಗೆ ಮಾರಿದವರ ಜೊತೆ ಕೊಂಡವರೂ ಹೊಣೆ ಎಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್ ಹೇಳುತ್ತದೆ. ಮೈದಾ, ಬೆಣ್ಣೆ ಹಾಕುವವರ ಸಾಲ ಎಷ್ಟಿದೆ, ಅದನ್ನು ಯಾರು ತೀರಿಸಬೇಕು ಎಂಬುದನ್ನೂ ಬರೆಸಿ. ಆಹಾರದ ಲೈಸೆನ್ಸನ್ನು ನಿಮ್ಮ ಹೆಸರಿನಲ್ಲೇ ಮಾಡಿಸಿಕೊಳ್ಳಿ, ಕಟ್ಟಡದ ಮಾಲೀಕರೊಂದಿಗೆ ಹೊಸ ಬಾಡಿಗೆ ಕರಾರು ಮಾಡಿಕೊಳ್ಳಿ. ಉಳಿದ 7 ಲಕ್ಷ ಬ್ಯಾಂಕಿನ ಮೂಲಕವೇ ಹೋಗಲಿ.

ಕೊಟ್ಟಾಗಿರುವ 1 ಲಕ್ಷಕ್ಕೆ ಇವತ್ತೇ ಒಂದು ಕೆಲಸ ಮಾಡಿ. ‘ಅಣ್ಣಾ, ಬೇಕರಿಯ ಬಾಬ್ತು ಮುಂಗಡವಾಗಿ ಒಂದು ಲಕ್ಷ ಕೊಟ್ಟಿದ್ದೇನೆ, ಒಟ್ಟು ಎಂಟು ಲಕ್ಷಕ್ಕೆ ಮಾತಾಗಿದೆ, ಸರಿಯಲ್ಲವೇ?’ ಎಂದು ಕೊಟ್ಟ ದಿನಾಂಕ ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ‘ಹೌದು’ ಎಂದು ಉತ್ತರ ಬಂದರೆ ಆ ಸಂದೇಶವನ್ನು ಅಳಿಸಬೇಡಿ, ಆ ಮೊಬೈಲನ್ನೂ ಯಾರಿಗೂ ಮಾರಬೇಡಿ.