ಹಾರುವ ವಿಮಾನದ ರೆಕ್ಕೆಗೆ ಐಸ್ ಕಟ್ಟಿದರೆ ಏನಾಗುತ್ತದೆ?

ಚಿಕಾಗೋದಲ್ಲಿ ನಿಮ್ಮ ವಿಮಾನ ಹೊರಡುವ ಮುಂಚೆ ರೆಕ್ಕೆಗೆ ಕಿತ್ತಳೆ ಬಣ್ಣದ ದ್ರವ ಹೊಡೆದರು, ಅದಕ್ಕೇ 40 ನಿಮಿಷ ತಡವಾಯಿತು ಅಂತ ಬರೆದಿದ್ದೀರಿ. ಆ ದ್ರವ ಆಕಾಶದಲ್ಲೂ ಕಾಪಾಡುತ್ತದಾ, ತೆಳ್ಳಗಿನ ಐಸಿನ ಭಾರಕ್ಕೆ ಅಷ್ಟು ದೊಡ್ಡ ವಿಮಾನ ನಿಜಕ್ಕೂ ಬೀಳುತ್ತದಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಎಟಿಆರ್ ಅನ್ನುವ ಪ್ರೊಪೆಲ್ಲರ್ ವಿಮಾನಗಳ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ, ಹಾಗಾಗಿ ಉತ್ತರಿಸುತ್ತಿದ್ದೇನೆ.

ಆ ದ್ರವ ಆಕಾಶದಲ್ಲಿ ಕಾಪಾಡುವುದಿಲ್ಲ. ನೆಲದ ಮೇಲೆ ಕೂತ ಹಿಮ ಕರಗಿಸುವುದು, ಟೇಕಾಫ್‌ವರೆಗೆ ಮತ್ತೆ ಕಟ್ಟದಂತೆ ತಡೆಯುವುದು, ಇಷ್ಟೇ ಅದರ ಕೆಲಸ. ರನ್‌ವೇಯಲ್ಲಿ ವೇಗ ಹೆಚ್ಚುತ್ತಿದ್ದಂತೆ ಗಾಳಿಗೆ ಹರಿದುಹೋಗುತ್ತದೆ.

ಇನ್ನು ಭಾರದ ಮಾತು. ಐಸಿನ ತೂಕ ನಮಗೆ ದೊಡ್ಡ ಚಿಂತೆಯೇ ಅಲ್ಲ. ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವುದು ತನ್ನ ಆಕಾರದಿಂದ. ಗಾಳಿ ಅದರ ಮೈಗಂಟಿಕೊಂಡು ನುಣ್ಣಗೆ ಹರಿಯಬೇಕು. ರೆಕ್ಕೆಯ ಮುಂದಿನ ಅಂಚು ಮತ್ತು ಮೇಲ್ಮೈ ಬರೀ ಸ್ಯಾಂಡ್‌ಪೇಪರಿನಷ್ಟು ತರಿತರಿಯಾದರೂ ಸಾಕು, ಎತ್ತುವ ಬಲ ಶೇ. 30ರವರೆಗೆ ಕುಸಿಯಬಹುದು, ಗಾಳಿಯ ಎಳೆತ ಶೇ. 40ರವರೆಗೆ ಏರಬಹುದು. ಹೊಸಬರು ಕೆಲಸಕ್ಕೆ ಸೇರಿದಾಗ ನಾನು ಮೊದಲು ಹೇಳುವ ಸಂಗತಿ ಇದೇ.

ಐಸ್ ಕಟ್ಟುವ ಬಗೆಯೂ ವಿಚಿತ್ರ. ಮೋಡದ ಹನಿ ಸೊನ್ನೆ ಡಿಗ್ರಿಗೆ ಇಳಿದ ತಕ್ಷಣ ಹೆಪ್ಪುಗಟ್ಟುವುದಿಲ್ಲ. ಮೈನಸ್ 10, ಮೈನಸ್ 15ರಲ್ಲೂ ನೀರಾಗಿಯೇ ತೇಲುತ್ತಿರುತ್ತದೆ. ಫ್ರೀಜರಿನಲ್ಲಿಟ್ಟು ಮರೆತ ಶುದ್ಧ ನೀರಿನ ಬಾಟಲಿ ಕೆಲವೊಮ್ಮೆ ನೀರಾಗಿಯೇ ಇರುತ್ತದೆ, ಮೇಜಿಗೆ ಕುಟ್ಟಿದ ಕೂಡಲೇ ಕಣ್ಣೆದುರೇ ಬಿಳಿಯಾಗಿ ಗಟ್ಟಿಯಾಗುತ್ತದಲ್ಲ, ಹಾಗೆ. ರೆಕ್ಕೆ ಬಂದು ಬಡಿದಾಗ ಹನಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಇದು ಚಳಿ ದೇಶಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. 1,000 ಅಡಿ ಏರಿದಂತೆ ಸುಮಾರು 2 ಡಿಗ್ರಿ ಇಳಿಯುತ್ತದೆ. ಬೆಂಗಳೂರಿನಲ್ಲಿ ಫ್ಯಾನ್ ಹಾಕಿಕೊಂಡು ಕೂತ ದಿನವೂ 16,000 ಅಡಿಯ ಸುಮಾರಿಗೆ ನೀರು ಹೆಪ್ಪುಗಟ್ಟುವ ಚಳಿ ಇರುತ್ತದೆ. ಜೆಟ್ ವಿಮಾನಗಳು ಆ ಪದರವನ್ನು ಬೇಗ ದಾಟಿ ಮೇಲೆ ಹೋಗುತ್ತವೆ. ಎಟಿಆರ್‌ನ ಮಿತಿ 25,000 ಅಡಿ, ಮೋಡದ ನಡುವೆಯೇ ಅದರ ಸಂಸಾರ.

ಜೆಟ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಬಿಸಿಗಾಳಿಯನ್ನು ರೆಕ್ಕೆಯ ಅಂಚಿನೊಳಗೆ ಹಾಯಿಸುತ್ತಾರೆ. ಎಟಿಆರ್‌ನ ರೆಕ್ಕೆಯಂಚಿಗೆ ಕಪ್ಪು ರಬ್ಬರಿನ ಪಟ್ಟಿ ಅಂಟಿಸಿರುತ್ತದೆ, ನಾವು ಬೂಟ್ ಅನ್ನುತ್ತೇವೆ. ಎಂಜಿನ್ನಿನಿಂದ ಬಂದ ಗಾಳಿಗೆ ಅದು ಉಬ್ಬಿ ಇಳಿಯುತ್ತದೆ, ಮೇಲಿನ ಐಸ್ ಬಿರುಕುಬಿಟ್ಟು ಉದುರುತ್ತದೆ. ಏಣಿ ಹತ್ತಿ ಅದರ ಉದ್ದಕ್ಕೂ ಅಂಗೈ ಸವರುತ್ತಾ ಹೋಗುತ್ತೇನೆ. ಕಣ್ಣಿಗೆ ಕಾಣದ ಸಣ್ಣ ಸೀಳು ಬೆರಳಿಗೆ ಸಿಗುತ್ತದೆ. ಸಣ್ಣ ತೂತಾದರೆ ಸೈಕಲ್ ಟ್ಯೂಬಿಗೆ ಹಾಕುವ ಹಾಗೆ ಪ್ಯಾಚ್ ಹಾಕುತ್ತೇವೆ.

ಆ ಪಟ್ಟಿ ಎಷ್ಟು ಅಗಲ ಇರಬೇಕು ಅನ್ನುವುದಕ್ಕೆ 68 ಜನ ಪ್ರಾಣ ತೆತ್ತಿದ್ದಾರೆ. 1994ರ ಅಕ್ಟೋಬರ್ 31. ಇಂಡಿಯಾನಾಪೊಲಿಸ್‌ನಿಂದ ನಿಮ್ಮ ಚಿಕಾಗೋಗೇ ಹೊರಟಿದ್ದ ಅಮೆರಿಕನ್ ಈಗಲ್ 4184, ಎಟಿಆರ್ 72. ಕೆಳಗೆ ವಿಮಾನಗಳ ಸಾಲು ಇದ್ದದ್ದರಿಂದ 10,000 ಅಡಿಯಲ್ಲಿ ಮೋಡದೊಳಗೇ ಸುತ್ತು ಹೊಡೆಯುತ್ತಾ ಕಾಯಬೇಕಾಯಿತು. ಅಲ್ಲಿದ್ದವು ಮಾಮೂಲಿ ಹನಿಗಳಲ್ಲ, ದಪ್ಪ ಹನಿಗಳು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಕ್ಕೆ ಬಾಗಿಸುವ ಫ್ಲ್ಯಾಪ್ ಇಳಿಸಿದ್ದರಿಂದ ವಿಮಾನದ ಮೂತಿ ತಗ್ಗಿತ್ತು, ಐಸ್ ರೆಕ್ಕೆಯ ಮೇಲೆ ಇನ್ನಷ್ಟು ಹಿಂದಕ್ಕೆ ಕಟ್ಟಿತು. ಬೂಟ್‌ಗಳು ತಮ್ಮ ಪಾಡಿಗೆ ಉಬ್ಬಿ ಇಳಿಯುತ್ತಿದ್ದವು. ಅವುಗಳ ಹಿಂದೆ, ಅವು ಮುಟ್ಟಲಾರದ ಜಾಗದಲ್ಲಿ, ಹೊಲದ ಬದುವಿನಂತೆ ಐಸಿನ ಏರು ಬೆಳೆಯಿತು. ಆಟೊಪೈಲಟ್ ವಿಮಾನವನ್ನು ನೆಟ್ಟಗೆ ಹಿಡಿದಿದ್ದರಿಂದ ಪೈಲಟ್‌ಗಳ ಕೈಗೆ ಅದರ ಸುಳಿವೇ ಸಿಗಲಿಲ್ಲ. ಇಳಿಯಲು ಶುರುಮಾಡಿ ಫ್ಲ್ಯಾಪ್ ಮೇಲೆತ್ತಿದಾಗ ಮೂತಿ ಮೇಲಾಯಿತು, ಬದುವಿನ ಹಿಂದೆ ಗಾಳಿ ರೆಕ್ಕೆ ಬಿಟ್ಟು ಕಿತ್ತಿತು, ವಿಮಾನವನ್ನು ವಾಲಿಸುವ ಏಲೆರಾನ್ ತಾನಾಗಿಯೇ ಒಂದು ಕಡೆಗೆ ಎಳೆದುಕೊಂಡಿತು. ಆಟೊಪೈಲಟ್ ಕೈಬಿಟ್ಟಿತು. ವಿಮಾನ ಮಗುಚಿ ರೋಸ್‌ಲಾನ್ ಬಳಿಯ ಸೋಯಾಬೀನ್ ಹೊಲಕ್ಕೆ ಬಿತ್ತು, ಒಬ್ಬರೂ ಉಳಿಯಲಿಲ್ಲ. ಆಮೇಲೆ ಎಟಿಆರ್‌ಗಳ ಬೂಟ್ ಅಗಲವಾಯಿತು. ನಾನು ಸವರುವುದು ಆ ಅಗಲದ ಪಟ್ಟಿಯನ್ನು, ಮತ್ತು ಸವರುವಾಗ ಆ ಹೊಲ ನೆನಪಾಗುತ್ತದೆ. ಆದರೆ ಅಂಥ ದಪ್ಪ ಹನಿಗಳಿಗೆಂದೇ ಅಮೆರಿಕದ ಪ್ರಮಾಣೀಕರಣ ನಿಯಮ ಬರಲು 2014 ಆಗಬೇಕಾಯಿತು. ಇಪ್ಪತ್ತು ವರ್ಷ! ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ರೆಕ್ಕೆಯಷ್ಟೇ ಅಲ್ಲ. ವೇಗ ಅಳೆಯುವ ಪಿಟೊ ಕೊಳವೆ ನಿಮ್ಮ ಬೆರಳಿನಷ್ಟು ದಪ್ಪ ಇರುತ್ತದೆ. ಒಳಗಿನ ಹೀಟರ್ ಎಂಥದ್ದೆಂದರೆ ಬರಿಗೈಯಲ್ಲಿ ಮುಟ್ಟಿದರೆ ಬೊಬ್ಬೆ ಏಳುತ್ತದೆ. ಅಂಥ ಹೀಟರ್ ಇದ್ದೂ 2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447ರ ಕೊಳವೆಗಳು 35,000 ಅಡಿಯಲ್ಲಿ ಐಸಿನ ಹರಳುಗಳಿಂದ ಕಟ್ಟಿಕೊಂಡವು. ಒಂದು ನಿಮಿಷದೊಳಗೆ ತೆರೆದುಕೊಂಡವು ಕೂಡ. ಅಷ್ಟರಲ್ಲಿ ಆಟೊಪೈಲಟ್ ಬಿಟ್ಟುಕೊಟ್ಟಿತ್ತು, ಪೈಲಟ್‌ಗಳು ಗೊಂದಲದಲ್ಲಿ ಮೂತಿ ಮೇಲೆತ್ತಿ ಹಿಡಿದಿದ್ದರು. ನಾಲ್ಕೂವರೆ ನಿಮಿಷದೊಳಗೆ 228 ಜನರೊಂದಿಗೆ ವಿಮಾನ ಅಟ್ಲಾಂಟಿಕ್ ಸೇರಿತು.

ಹಾಗಾದರೆ ಪೈಲಟ್ ಏನು ಮಾಡಬೇಕು? ಎಟಿಆರ್‌ನಲ್ಲಿ ಕಾಕ್‌ಪಿಟ್ಟಿನ ಪಕ್ಕದ ಕಿಟಕಿ ಗಾಜಿನ ಮೇಲೆ ಐಸ್ ಹರಡಿತು ಅಂದರೆ ಅದು ಬೂಟ್‌ಗಳ ಕೈಮೀರಿದ್ದು. ಆಟೊಪೈಲಟ್ ತೆಗೆದು ಕಂಟ್ರೋಲ್ ಗಟ್ಟಿಯಾಗಿ ಹಿಡಿಯಬೇಕು, ವೇಗ ಹೆಚ್ಚಿಸಬೇಕು, ಆ ಮೋಡದಿಂದ ಹೊರಬೀಳಬೇಕು. ಅಲ್ಲೇ ಉಳಿಯುವ ವಿಮಾನವನ್ನು ಯಾವ ಉಪಕರಣವೂ ಕಾಯುವುದಿಲ್ಲ.

ನಿಮ್ಮ 40 ನಿಮಿಷದ ಬಗ್ಗೆ ಒಂದು ಮಾತು. 1989ರ ಮಾರ್ಚ್ 10ರಂದು ಕೆನಡಾದ ಡ್ರೈಡೆನ್‌ನಲ್ಲಿ ಏರ್ ಒಂಟಾರಿಯೊ 1363 ಹಿಮ ಬೀಳುತ್ತಿದ್ದಾಗ ದ್ರವ ಹೊಡೆಸದೆ ಹೊರಟಿತು. ರೆಕ್ಕೆಯ ಮೇಲೆ ಹಿಮ ಕೂತಿದ್ದನ್ನು ಪ್ರಯಾಣಿಕರು ಕಿಟಕಿಯಿಂದ ನೋಡಿದ್ದರು, ಕ್ಯಾಬಿನ್ ಸಿಬ್ಬಂದಿಯೂ ನೋಡಿದ್ದರು. ಕಾಕ್‌ಪಿಟ್‌ಗೆ ಆ ಮಾತು ಮುಟ್ಟಲಿಲ್ಲ. ರನ್‌ವೇ ದಾಟಿ ಮರಗಳಿಗೆ ಬಡಿದು 24 ಜನ ಸತ್ತರು. ಮುಂದಿನ ಸಲ ಕಿಟಕಿ ಪಕ್ಕ ಕೂತಾಗ ರೆಕ್ಕೆಯ ಮೇಲೆ ಬಿಳಿ ಕಂಡರೆ, ವಿಮಾನ ಹೊರಡುವ ಮೊದಲೇ ಗಗನಸಖಿಯನ್ನು ಕರೆದು ಹೇಳಿಬಿಡಿ.