ಹೆಬ್ಬೆರಳ ತುದಿಯ ಮಾಂಸ ಹೋದರೆ

ಪ್ರಶ್ನೆ: ಕಾಫಿ ಪಲ್ಪರ್ ಯಂತ್ರಕ್ಕೆ ಸಿಕ್ಕಿ ನನ್ನ ತಮ್ಮನ ಬಲಗೈ ಹೆಬ್ಬೆರಳ ತುದಿಯ ಮಾಂಸ ಕಿತ್ತುಹೋಗಿ ಮೂಳೆ ಕಾಣುತ್ತಿದೆ. ಗಾಯ ತೊಳೆದು ಕಟ್ಟಿದ ವೈದ್ಯರು, ಮೈಸೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಅವರನ್ನು ಕಾಣಲು ಹೇಳಿದ್ದಾರೆ, ಮೈಕ್ರೋಸರ್ಜರಿಯೂ (ಸೂಕ್ಷ್ಮದರ್ಶಕದಡಿ ಮಾಡುವ ಶಸ್ತ್ರಚಿಕಿತ್ಸೆ) ಬೇಕಾಗಬಹುದಂತೆ. ತೊಡೆಯ ಚರ್ಮ ತೆಗೆದು ಹಾಕಿದರೆ ಸಾಲದೇ? ಬೆರಳನ್ನು ಮೊಟಕು ಮಾಡಿ ಹೊಲಿದುಬಿಡಬಾರದೇ?
– ಒಬ್ಬ ಓದುಗರು, ಸೋಮವಾರಪೇಟೆ

ಉತ್ತರ: ತೊಡೆಯಿಂದ ತೆಗೆದ ತೆಳು ಚರ್ಮಕ್ಕೆ ತನ್ನದೇ ರಕ್ತನಾಳದ ಸಂಪರ್ಕವಿರುವುದಿಲ್ಲ, ಅದು ಮೊದಲ ಕೆಲವು ದಿನ ಗಾಯದ ತಳದಿಂದ ಪೋಷಣೆ ಹೀರಿಕೊಂಡು, ಬಳಿಕ ಅಲ್ಲಿಂದಲೇ ಬೆಳೆದುಬರುವ ನಾಳಗಳನ್ನು ನೆಚ್ಚಿ ಬದುಕಬೇಕು. ಹೊರಪೊರೆ ಕಳೆದುಕೊಂಡ ಬರಿಯ ಮೂಳೆಯ ಮೇಲೆ ಆ ಪೋಷಣೆ ಸಿಗದ ಕಾರಣ ಹಾಕಿದ ಚರ್ಮ ಒಣಗಿ ಹೋಗುತ್ತದೆ. ಆದ್ದರಿಂದ ರಕ್ತಸಂಚಾರವನ್ನು ಜೊತೆಗೇ ತರುವ, ಕೊಬ್ಬಿನ ಪದರವೂ ಇರುವ ಚರ್ಮ, ಅಂದರೆ ಫ್ಲ್ಯಾಪ್, ಬೇಕಾಗುತ್ತದೆ.

ಫ್ಲ್ಯಾಪ್ ಎಂದಾಕ್ಷಣ ಮೈಕ್ರೋಸರ್ಜರಿಯೇ ಆಗಬೇಕೆಂದಿಲ್ಲ. ಗಾಯ ಚಿಕ್ಕದಾದರೆ ಹೆಬ್ಬೆರಳ ಒಳಬದಿಯ ಚರ್ಮವನ್ನೇ ನರ, ರಕ್ತನಾಳಗಳ ಸಮೇತ ಮುಂದಕ್ಕೆ ಸರಿಸಬಹುದು. ತುಸು ದೊಡ್ಡದಾದರೆ ತೋರುಬೆರಳ ಹಿಂಬದಿಯಿಂದ ತಿರುಗಿಸಿ ತರಬಹುದು. ತೊಡೆಸಂದಿಯ ಚರ್ಮಕ್ಕೆ ಕೈಯನ್ನು ಸುಮಾರು 3 ವಾರ ಜೋಡಿಸಿಡುವ ಹಳೆಯ ವಿಧಾನವೂ ಇದೆ, ಆದರೆ ಅದರಲ್ಲಿ ಸ್ಪರ್ಶಜ್ಞಾನ ಅಷ್ಟಾಗಿ ಮರಳುವುದಿಲ್ಲ. ಇವು ಒದಗದಿದ್ದಾಗ ಕಾಲಿನ ಹೆಬ್ಬೆರಳ ಪಕ್ಕದಿಂದ ಮಾಂಸವನ್ನು ಬಿಡಿಸಿ ತಂದು, 1 ಮಿಲಿಮೀಟರ್ ಆಸುಪಾಸಿನ ರಕ್ತನಾಳಗಳನ್ನೂ ನರವನ್ನೂ ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ಪೂರ್ತಿ ತುಂಡಾದ ಹೆಬ್ಬೆರಳನ್ನು ಜಪಾನಿನ ಶಸ್ತ್ರವೈದ್ಯರಾದ ಕೊಮತ್ಸು ಮತ್ತು ತಮಾಯ್ ಈ ಬಗೆಯ ಹೊಲಿಗೆಯಿಂದ ಮರುಜೋಡಿಸಿದ್ದು 1965ರಲ್ಲಿ.

ಮೊಟಕು ಮಾಡುವುದು ತಪ್ಪು ಚಿಕಿತ್ಸೆಯೇನಲ್ಲ. ಕಿರುಬೆರಳಾಗಿದ್ದರೆ, ಬೇಗ ಕೆಲಸಕ್ಕೆ ಮರಳಬೇಕಾದವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಹೆಬ್ಬೆರಳಿನ ಮಾತು ಬೇರೆ: ಕಾಫಿ ಹಣ್ಣು ಬಿಡಿಸಲು, ಕಸಿಗತ್ತಿ ಹಿಡಿಯಲು ಅದರ ಉದ್ದವೂ ಬೇಕು, ತುದಿಯ ಸ್ಪರ್ಶವೂ ಬೇಕು. ತೆರೆದ ಮೂಳೆ ಒಣಗಿ ಸೋಂಕು ತಗಲುವ ಮೊದಲೇ ಹೋಗುವುದು ಒಳ್ಳೆಯದು.

ರಕ್ತನಾಳ ಜೋಡಿಸಿದ ಮೇಲೆ ಮೊದಲ 2–3 ದಿನ ನಿರ್ಣಾಯಕ. ಫ್ಲ್ಯಾಪ್ ನೀಲಿಯಾದರೆ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿ ಕಟ್ಟಿಕೊಂಡಿರಬಹುದು, ಬಿಳಿಚಿಕೊಂಡರೆ ರಕ್ತವನ್ನು ತರುವ ಅಪಧಮನಿ. ಎರಡರಲ್ಲಿ ಯಾವುದು ಕಂಡರೂ ತಕ್ಷಣ ತಿಳಿಸಬೇಕು. ಬೀಡಿ, ಸಿಗರೇಟಿನ ಚಟವಿದ್ದರೆ ಇಂದೇ ಬಿಡಿಸಿ, ಏಕೆಂದರೆ ನಿಕೋಟಿನ್ ಈ ಸಣ್ಣ ನಾಳಗಳನ್ನು ಸಂಕುಚಿಸುತ್ತದೆ. ಗಾಯ ವಾಸಿಯಾದ ಮೇಲೂ ಕೊಡಗಿನ ಮಳೆಗಾಲದ ಚಳಿಗೆ ಬೆರಳು ನೋಯಬಹುದು, ಜೋಮು ಹಿಡಿಯಬಹುದು. ಉಣ್ಣೆಯ ಕೈಗವಸು ಹಾಕಿಕೊಳ್ಳಲಿ, ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮವನ್ನು ತಪ್ಪಿಸದಿರಲಿ.